ಒಲೆಯ ಪಾಲು

ಹಾಗಾದರೆ ಒಂದು ಚೂರೂ ಮುಟ್ಟಲಿಲ್ಲವೇ? ಹತ್ತೊಂಬತ್ತು ವರ್ಷ. ವಾರಕ್ಕೆ ಆರು ದಿನ. ಹಿಟ್ಟು ನಾದಿ ಮುಗಿದಾಗಲೆಲ್ಲ ನೆಲ್ಲಿಕಾಯಿ ಗಾತ್ರದ ಒಂದು ಚೂರು ಕಿತ್ತು, ಅಮ್ಮನ ಹೆಸರನ್ನು ಮನಸ್ಸಿನಲ್ಲೇ ಹೇಳಿ ಒಲೆಯೊಳಗೆ ಇಟ್ಟದ್ದು ಬರೀ ಸುಟ್ಟ ಹಿಟ್ಟೇ? ಸತ್ತವರಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದರು ಹೋಟೆಲಿನ ಘೋಸಾಲ್ಕರ್. ಅವರಿಗೇನು ಗೊತ್ತು ಕಲ್ಯಾಣಪುರದ ಒಲೆಯ ವಿಷಯ? ಆದರೆ ಗೊತ್ತಿಲ್ಲದವರ ಹಾಗೆ ಅವರು ಮಾತಾಡಲಿಲ್ಲವಲ್ಲ. ಗೊತ್ತಿದ್ದೂ ಹೇಳಬೇಕೋ ಬೇಡವೋ ಎಂದು ನೋಡಿ ನೋಡಿ ಹೇಳಿದವರ ಹಾಗಿತ್ತು.

ಅಲ್ ಐನ್‌ಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ಹರ್ಬರ್ಟ್ ಇದನ್ನೇ ಮಗುಚಿ ಹಾಕುತ್ತಿದ್ದ. ಹೊರಗೆ ಮರಳು ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಅಲ್ ಐನ್‌ನಲ್ಲಿ ಅವನ ಅಕ್ಕ ಮಗ್ದಲೀನ್, ನರ್ಸ್ ಆಗಿರುವ ಮಗಳು ಜಾನಿಸಳ ಜೊತೆ ಇದ್ದಾಳೆ. ಅಮ್ಮನ ಒಲೆಯ ಮುಂದೆ ನಿಂತವರಲ್ಲಿ ಇನ್ನು ಉಳಿದಿರುವುದು ಅಕ್ಕ ತಮ್ಮ ಇಬ್ಬರೇ. ಕೇಳುವುದಿದ್ದರೆ ಅವಳನ್ನೇ ಕೇಳಬೇಕು.

ಹರ್ಬರ್ಟನಿಗೆ ಐವತ್ತೊಂಬತ್ತು. ದುಬೈಯ ಒಂದು ದೊಡ್ಡ ಹೋಟೆಲಿನ ಬೇಕರಿಗೆ ಹಿಟ್ಟಿನ ಚೀಲ ಹೊರುವವನಾಗಿ ಸೇರಿ ಮೂವತ್ತೊಂದು ವರ್ಷವಾಯಿತು. ಈಗ ಬೇಕರಿಗೆ ಅವನೇ ಯಜಮಾನ. ಅಷ್ಟರಲ್ಲಿ ಹೋಟೆಲಿನ ಹೆಸರು ಎರಡು ಸಲ ಬದಲಾಗಿದೆ, ಒಲೆ ನಾಲ್ಕು ಸಲ. ಮನೆ ಡಿಸ್ಕವರಿ ಗಾರ್ಡನ್ಸಿನಲ್ಲಿ, ಹೆಂಡತಿಯ ಜೊತೆ. ಶುಕ್ರವಾರ ಸಂಜೆ ಜೆಬೆಲ್ ಅಲಿ ಇಗರ್ಜಿಯ ಕೊಂಕಣಿ ಗಾಯನಮಂಡಳಿಯಲ್ಲಿ ದಪ್ಪ ದನಿಯವರ ಸಾಲಿನಲ್ಲಿ ಅವನೂ ಒಬ್ಬ.

ಕೆಲಸ ಕಲಿತದ್ದು ಅಮ್ಮನಿಂದ. ಕಲ್ಯಾಣಪುರದಲ್ಲಿ ಅವರದ್ದು ಮಣ್ಣಿನ ಗೂಡೊಲೆಯ ಸಣ್ಣ ಬೇಕರಿ. ಅದು ಬಂದದ್ದು ಅಮ್ಮನ ಕಡೆಯಿಂದ. ಅವಳ ತಾಯಿ, ತಾಯಿಯ ತಾಯಿ, ಎಲ್ಲರೂ ರೊಟ್ಟಿ ಸುಟ್ಟವರೇ, ಯಾವುದೋ ಕಾಲಕ್ಕೆ ಗೋವಾದಿಂದ ಓಡಿ ಬಂದವರು. ಅಪ್ಪ ತೀರಿಕೊಂಡಾಗ ಹರ್ಬರ್ಟನಿಗೆ ಹನ್ನೆರಡು ವರ್ಷ. ಅಮ್ಮ ಸೆಲೆಸ್ತಿನ್ ಬಾಯಿ ತಿಂಗಳ ಪೂಜೆ ಮುಗಿಸಿ ಬಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಒಲೆಯ ಮುಂದೆ ನಿಂತಳು. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಕಳ್ಳು ಹಾಕಿ ಉಬ್ಬಿಸಿದ ಹಿಟ್ಟನ್ನು ಬನ್ನುಗಳಾಗಿ ಕತ್ತರಿಸುವ ಮೊದಲು ಅವಳೊಂದು ಚೂರು ಕಿತ್ತು ಬೆಂಕಿಗೆ ಹಾಕುತ್ತಿದ್ದಳು. ಆ ಹೊತ್ತಿಗೆ ಮಾತಿಲ್ಲ. ಯಾರಾದರೂ ಏನಾದರೂ ಕೇಳಿದರೆ ಎಡಗೈ ಎತ್ತಿ ತಡೆಯುವಳು. ಚೂರು ಕಪ್ಪಾದ ಮೇಲೆಯೇ ಮುಂದಿನ ಕೆಲಸ.

ಯಾಕೆಂದು ಒಮ್ಮೆ ಹುಡುಗ ಕೇಳಿದ. "ಆತ್ಮಗಳಿಗೆ ಬಾಬಾ," ಎಂದಳು ಅಮ್ಮ. "ಪುರ್ಗತೋರಿನಲ್ಲಿ ಕಾಯ್ತಾ ಇದ್ದಾರಲ್ಲ, ಸ್ವರ್ಗಕ್ಕೆ ಹೋಗ್ಲಿಕ್ಕೆ. ಕಾಯುವವರಿಗೆ ಹಸಿವಾಗ್ತದೆ."

ಒಂದು ಕಟ್ಟುನಿಟ್ಟಿತ್ತು. ಹಿಟ್ಟು ಅಳೆಯುವ ತಗಡಿನ ಡಬ್ಬಿಯಲ್ಲಿ ಮೂರು ಡಬ್ಬಿಗೆ ಕಡಿಮೆ ಕಲಸಿದರೆ ಚೂರು ತೆಗೆಯುವಂತಿಲ್ಲ. "ಇಷ್ಟಕ್ಕೆಲ್ಲ ಅವರು ಬರುದಿಲ್ಲ," ಎನ್ನುತ್ತಿದ್ದಳು, ನೆಂಟರ ವಿಷಯ ಹೇಳುವ ಹಾಗೆ.

ದುಬೈಗೆ ಬಂದ ಮೇಲೂ ಅವನ ಕೈ ಬಿಡಲಿಲ್ಲ. ಇಲ್ಲಿ ಬೆಂಕಿಯಿಲ್ಲ, ಕರೆಂಟಿನ ಒಲೆ. ಚೂರನ್ನು ಒಳಗಿನ ಬಲಮೂಲೆಯಲ್ಲಿಟ್ಟು ಕರಕಲಾಗುವ ತನಕ ಬಿಡುತ್ತಿದ್ದ. ತಪಾಸಣೆಗೆ ಬಂದವರೊಬ್ಬರು ಇದೇನೆಂದು ಕೇಳಿದಾಗ, ಒಲೆಯ ಕಾವು ನೋಡುವ ಟೆಸ್ಟ್ ಪೀಸ್ ಎಂದ. ಅವರು ಒಳ್ಳೆಯ ಪದ್ಧತಿ ಎಂದು ಬರೆದುಕೊಂಡು ಹೋದರು.

ಮೊದಲ ಹನ್ನೆರಡು ವರ್ಷ ಅದು ಬರೀ ರೂಢಿ. ಆಮೇಲೆ ಹಾಗಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಐದು ದಿನ ಇರುವಾಗ, ಮಗ್ದಲೀನ್ ಊರಿನಿಂದ ಫೋನ್ ಮಾಡಿ ಅಮ್ಮ ಹೋದಳು ಎಂದಳು. ಹರ್ಬರ್ಟ್ ಆಫೀಸಿಗೆ ಹೋಗಿ ರಜೆಯ ಅರ್ಜಿಯ ಕಾಗದ ಕೇಳಿ ತಂದ. ಕೋಟಿನ ಕಿಸೆಯಲ್ಲಿ ಮಡಚಿಟ್ಟುಕೊಂಡ. ಮುನ್ನೂರು ಕೇಕು ಅರ್ಧದಲ್ಲಿತ್ತು, ಅದನ್ನು ಮುಗಿಸಿ ತುಂಬೋಣ ಎಂದುಕೊಂಡ. ಕೇಕು ಮುಗಿದ ಮೇಲೂ ತುಂಬಲಿಲ್ಲ. ಸಂಜೆ ಕಾರ್ಡ್ ಫೋನಿನಿಂದ ಊರಿಗೆ ಕರೆ ಮಾಡಿ ಅಕ್ಕನಿಗೆ, "ರಜೆ ಸಿಗ್ಲಿಲ್ಲ ಬಾಯ್," ಎಂದ. ಯಾಕೆ ಹಾಗೆ ಮಾಡಿದೆ ಎಂದು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಹೋಗಿ ನೋಡಿದರೆ ಅಮ್ಮ ಸತ್ತದ್ದು ನಿಜವಾಗುತ್ತಿತ್ತು. ಹೋಗದಿದ್ದರೆ ಅವಳು ಕಲ್ಯಾಣಪುರದಲ್ಲಿ ಹಿಟ್ಟು ನಾದುತ್ತಲೇ ಇರುತ್ತಿದ್ದಳು. ಇದಕ್ಕಿಂತ ಒಳ್ಳೆಯ ಕಾರಣ ಅವನಿಗೆ ಈ ತನಕ ಸಿಕ್ಕಿಲ್ಲ. ಇದು ಸಾಕಾಗುವ ಕಾರಣವಲ್ಲ ಎಂದೂ ಗೊತ್ತು.

ಮಾರನೆಯ ಬೆಳಿಗ್ಗೆಯಿಂದ ಒಲೆಯ ಚೂರು ಎಲ್ಲ ಆತ್ಮಗಳಿಗಲ್ಲ, ಒಬ್ಬಳಿಗೆ ಮಾತ್ರ ಎಂದಾಯಿತು. ಹಿಡಿ ಮಣ್ಣು ಹಾಕದ ಮಗ ಹಿಡಿ ಹಿಟ್ಟಾದರೂ ಕೊಡಲಿ ಎಂದು.

ಹೋದ ವರ್ಷ ಹೋಟೆಲಿನಲ್ಲಿ ಯೆಹೂದಿ ಅತಿಥಿಗಳಿಗೆಂದು ಒಂದು ಚಿಕ್ಕ ಅಡುಗೆಮನೆಯನ್ನು ಬೇರೆಯೇ ಮಾಡಿದರು. ಅವರ ಊಟಕ್ಕೆ ಅವರದ್ದೇ ಕಟ್ಟಳೆಗಳು. ಪಾತ್ರೆ ಬೇರೆ, ಒಲೆ ಬೇರೆ. ಅದನ್ನು ಕೋಷರ್ ಕಿಚನ್ ಎನ್ನುತ್ತಾರೆ. ಎಲ್ಲ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಥಾಣೆಯಿಂದ ಎಲೈಜಾ ಘೋಸಾಲ್ಕರ್ ಎಂಬವರನ್ನು ಕರೆಸಿದರು. ಅರುವತ್ತಾರು ದಾಟಿದ ಮನುಷ್ಯ, ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು, ತಲೆಗೆ ಸಣ್ಣ ಟೋಪಿ, ಮಾತು ಬೊಂಬಾಯಿ ಹಿಂದಿ. ನೂರಾರು ವರ್ಷಗಳಿಂದ ಕೊಂಕಣದಲ್ಲೇ ಇದ್ದ ಯೆಹೂದಿಗಳು ಅವರ ಮನೆಯವರು. ಮೊದಲ ದಿನ ಪರಿಚಯವಾದಾಗ, "ಎಣ್ಣೆ ತೆಗೆಯುವುದು ನಮ್ಮ ಜಾತಿಯ ಕಸುಬು, ಟಿಕೆಟ್ ಕತ್ತರಿಸುವುದು ನನ್ನ ಕಸುಬು, ಈಗ ಮೊಟ್ಟೆ ನೋಡುವುದು," ಎಂದು ನಕ್ಕರು. ಪ್ರತಿಯೊಂದು ಮೊಟ್ಟೆಯನ್ನೂ ಗಾಜಿನ ಲೋಟಕ್ಕೆ ಒಡೆದು ರಕ್ತದ ಕಲೆ ಇಲ್ಲವೆಂದು ಖಾತ್ರಿ ಮಾಡುವರು. ಒಲೆಯ ಸ್ವಿಚ್ಚು ಹಾಕುವುದೂ ಅವರೇ.

ಗುರುವಾರ ಮಧ್ಯಾಹ್ನ ಹರ್ಬರ್ಟ್ ಮತ್ತು ಅವನ ಸಹಾಯಕ ನಿಯಾಝ್ ಅಲ್ಲಿಗೆ ಹೋಗಿ, ಶುಕ್ರವಾರದ ಸಂಜೆಗೆ ಬೇಕಾದ ಜಡೆ ಹೆಣೆದಂಥ ಬ್ರೆಡ್ಡು ಮಾಡಬೇಕು. ನಿಯಾಝ್ ಉಳ್ಳಾಲದ ಬ್ಯಾರಿ. ಹರ್ಬರ್ಟನ ಕೈಕೆಳಗೆ ಹದಿನಾಲ್ಕು ವರ್ಷ ಕಳೆದವನು. ಊರಿನ ಕ್ರೈಸ್ತರನ್ನು ಕರೆಯುವ ಹಾಗೆ ಅವನನ್ನು ಪೊರ್ಬು ಎಂದೇ ಕರೆಯುವುದು.

ಮೊದಲ ಗುರುವಾರವೇ ಅದು ಆದದ್ದು. ಹನ್ನೆರಡು ಕಿಲೋ ಹಿಟ್ಟು ನಾದಿ ಮುಗಿದಿತ್ತು. ಘೋಸಾಲ್ಕರ್ ಕೈ ತೊಳೆದು, ಒರೆಸಿ, ಹಿಟ್ಟಿನ ಕಡೆಗೆ ಬರುವಷ್ಟರಲ್ಲಿ ಹರ್ಬರ್ಟ್ ಚೂರು ಕಿತ್ತು ಒಲೆಯ ಬಲಮೂಲೆಯಲ್ಲಿಟ್ಟು ಬಾಗಿಲು ಮುಚ್ಚಿಯಾಗಿತ್ತು.

"ಅದೇನು ಮಾಡಿದಿರಿ?"

ಹರ್ಬರ್ಟ್ ಎಡಗೈ ಎತ್ತಿದ. ಚೂರು ಕಪ್ಪಾಗುವ ತನಕ ಅವರು ಕಾದರು. ಆಮೇಲೆ ಅವನು, "ನಮ್ಮ ಒಂದು ಕ್ರಮ, ಘೋಸಾಲ್ಕರ್ ಭಾಯ್. ಸತ್ತವರ ಆತ್ಮಗಳಿಗೆ," ಎಂದ.

"ಎಲ್ಲ ಕ್ರೈಸ್ತರೂ ಮಾಡುತ್ತಾರೆಯೇ?"

"ಗೊತ್ತಿಲ್ಲ. ನನ್ನ ತಾಯಿ ಮಾಡ್ತಿದ್ದಳು."

ಘೋಸಾಲ್ಕರ್ ತಾವೂ ಒಂದು ಚೂರು ಕಿತ್ತು, ಹೀಬ್ರೂವಿನಲ್ಲಿ ಏನೋ ಹೇಳಿ, ಕಾಗದದಲ್ಲಿ ಸುತ್ತಿ ಅದೇ ಒಲೆಯಲ್ಲಿಟ್ಟರು. ನಿಯಾಝ್ ಇಬ್ಬರನ್ನೂ ನೋಡಿ ತುಳುವಿನಲ್ಲಿ, "ಪೊರ್ಬುಗಳೇ, ಇನ್ನು ನಾನೂ ಒಂದು ಇಡಬೇಕಾ? ಕೊನೆಗೆ ಬ್ರೆಡ್ಡಿಗೆ ಎಂಥ ಉಳೀತದೆ?" ಎಂದ.

ಹಾಗೇ ನಡೆಯಿತು, ವಾರಕ್ಕೆರಡು ಚೂರು, ಹೆಚ್ಚಿನ ಮಾತಿಲ್ಲದೆ. ಈ ನವೆಂಬರಿನ ಒಂದು ಗುರುವಾರ ಹರ್ಬರ್ಟ್ ಹೊಸ ಬಗೆಯ ಹಿಟ್ಟನ್ನು ನೋಡಲೆಂದು ಒಂದೇ ಕಿಲೋ ಕಲಸಿದ. ನಾದಿದವನೇ ನೇರ ಹೆಣೆಯಲು ತೊಡಗಿದ.

"ಇವತ್ತು ಆತ್ಮಗಳಿಗೆ ಇಲ್ಲವೇ?" ಎಂದರು ಘೋಸಾಲ್ಕರ್.

"ಇಷ್ಟಕ್ಕೆ ಇಲ್ಲ. ಇಷ್ಟಕ್ಕೆಲ್ಲ ಅವರು ಬರುವುದಿಲ್ಲ."

"ಮತ್ತೆ ಎಷ್ಟಕ್ಕೆ ಬರುತ್ತಾರೆ?"

"ಮೂರು ಡಬ್ಬಿ. ಅಮ್ಮನದ್ದೊಂದು ತಗಡಿನ ಡಬ್ಬಿ ಇತ್ತು."

"ಡಬ್ಬಿ ಎಷ್ಟು ದೊಡ್ಡದು?"

ಹರ್ಬರ್ಟ್ ಕೈಯಲ್ಲಿ ತೋರಿಸಿದ. ಘೋಸಾಲ್ಕರ್ ಅಷ್ಟಕ್ಕೆ ಬಿಡಲಿಲ್ಲ. ಸ್ಟೋರಿನಿಂದ ನಾಲ್ಕಾರು ಡಬ್ಬಿ ತರಿಸಿದರು. ಹರ್ಬರ್ಟ್ ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ನೋಡಿ, ಇದಲ್ಲ, ಇದಲ್ಲ ಎಂದು ಬದಿಗಿಟ್ಟು, ಕೊನೆಗೆ ಟೊಮೆಟೊದ ಒಂದು ಡಬ್ಬಿಯನ್ನು ಆರಿಸಿದ. ಮೂರು ಸಲ ಹಿಟ್ಟು ತುಂಬಿ ತಕ್ಕಡಿಗೆ ಹಾಕಿದರು. ಒಂದೂವರೆ ಕಿಲೋಗೆ ಸ್ವಲ್ಪ ಮೇಲೆ.

ಘೋಸಾಲ್ಕರ್ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟರು. "ನಮ್ಮಲ್ಲೂ ಸುಮಾರು ಅಷ್ಟೇ," ಎಂದರು. "ಅದಕ್ಕೆ ಕಡಿಮೆಯಾದರೆ ತೆಗೆಯುವುದಿಲ್ಲ. ನನ್ನ ತಾಯಿಯೂ ತೆಗೆಯುತ್ತಿರಲಿಲ್ಲ."

ಅವರು ಅವಸರವಿಲ್ಲದೆ ಹೇಳಿದರು. ಕಲಸಿದ ಹಿಟ್ಟಿನಲ್ಲಿ ಒಂದು ಪಾಲನ್ನು ಎತ್ತಿಡುವುದು ಯೆಹೂದಿ ಹೆಂಗಸರ ಬಲು ಹಳೆಯ ಕಟ್ಟಳೆ. ಅವರ ಮಹಾ ದೇವಾಲಯ ಇದ್ದ ಕಾಲದಲ್ಲಿ ಅದು ಪೂಜಾರಿಗೆ ಹೋಗುತ್ತಿತ್ತು. ದೇವಾಲಯ ನಾಶವಾದ ಮೇಲೆ ಯಾರೂ ತಿನ್ನದಂತೆ ಬೆಂಕಿಗೆ ಹೋಗುತ್ತದೆ. ಪೋರ್ಚುಗಲ್ಲಿನಲ್ಲಿ ಯೆಹೂದಿಗಳಿಗೆ ಬಲವಂತದಿಂದ ಜ್ಞಾನಸ್ನಾನ ಮಾಡಿಸಿದ ಮೇಲೆ ಕೆಲವರು ಹಡಗು ಹತ್ತಿ ಗೋವಾಕ್ಕೆ ಬಂದರು. ಬೆನ್ನಿಗೇ, ಗುಟ್ಟಾಗಿ ಹಳೆಯ ಧರ್ಮ ನಡೆಸುವವರನ್ನು ಹುಡುಕಿ ಶಿಕ್ಷಿಸುವ ಇಗರ್ಜಿಯ ವಿಚಾರಣೆಯವರೂ ಬಂದರು. ಹೆಸರು ಹೋಯಿತು, ಪ್ರಾರ್ಥನೆ ಹೋಯಿತು. ಅಡುಗೆಮನೆಯಲ್ಲಿ ಯಾರ ಕಣ್ಣಿಗೂ ಬೀಳದ್ದು ಕೆಲವು ಮನೆಗಳಲ್ಲಿ ಉಳಿಯಿತು. "ನಿಮ್ಮದು ಹಾಗೆಯೇ ಎಂದು ನಾನು ಹೇಳುತ್ತಿಲ್ಲ. ಕಾಗದ ಇಲ್ಲ. ಆದರೆ ಅಳತೆ ಸುಮ್ಮನೆ ಹೊಂದುವುದಿಲ್ಲ."

ನಿಯಾಝ್ ಹೆಣೆಯುವುದನ್ನು ನಿಲ್ಲಿಸಿದ್ದ. "ಪೊರ್ಬುಗಳೇ," ಎಂದ, "ಹದಿನಾಲ್ಕು ವರ್ಷ ನಿಮ್ಮ ಕ್ರಿಸ್ಮಸ್ ಕೇಕು ತಿಂದಿದ್ದೇನೆ. ಈಗ ಅದನ್ನು ನಿಲ್ಲಿಸ್ಬೇಡಿ ಮಾರಾಯ್ರೆ."

ಹರ್ಬರ್ಟ್ ನಗಲಿಲ್ಲ. ಅವನ ತಲೆಯಲ್ಲಿ ಓಡುತ್ತಿದ್ದದ್ದು ಗೋವಾ ಅಲ್ಲ, ಪೋರ್ಚುಗಲ್ ಅಲ್ಲ. "ಹಾಗಾದರೆ ಅದು ಸತ್ತವರಿಗಲ್ಲವೇ?"

"ಅಲ್ಲ."

"ಸತ್ತವರ ಹೆಸರಿನಲ್ಲಿ ಇಟ್ಟರೆ? ಅವರಿಗೆ ಮುಟ್ಟುವುದಿಲ್ಲವೇ?"

ಘೋಸಾಲ್ಕರ್ ಅವನ ಮುಖವನ್ನೇ ನೋಡಿದರು. ಸುಳ್ಳು ಹೇಳಿಬಿಡಬಹುದಿತ್ತು. "ಸತ್ತವರಿಗೂ ಅದಕ್ಕೂ ಸಂಬಂಧವಿಲ್ಲ, ಹರ್ಬರ್ಟ್ ಭಾಯ್," ಎಂದರು.

ಇದಾಗಿ ಐದನೇ ದಿನ, ಮಂಗಳವಾರ, ವಾರದ ರಜೆಯಲ್ಲಿ ಅವನು ಅಲ್ ಐನ್ ಬಸ್ಸು ಹತ್ತಿದ್ದು.

ಮಗ್ದಲೀನ್ ಬಾಗಿಲು ತೆರೆದಾಗ ಮನೆಯೊಳಗಿಂದ ಹುರಿದ ಕೊತ್ತಂಬರಿಯ ವಾಸನೆ ಬಂತು. ಎಪ್ಪತ್ತೊಂದು ವರ್ಷ, ಮೊಣಕಾಲು ನೋವು, ನಾಲಿಗೆಗೆ ಏನೂ ಆಗಿಲ್ಲ. ಜಾನಿಸ್ ಆಸ್ಪತ್ರೆಗೆ ಹೋಗಿದ್ದಳು. ಮಗ್ದಲೀನ್ ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಊರಿನ ಇಗರ್ಜಿಯ ಪೂಜೆ ಹಾಕಿಕೊಂಡಿದ್ದಳು. ತಮ್ಮನನ್ನು ಕಂಡು ಅದರ ದನಿ ಮಾತ್ರ ತಗ್ಗಿಸಿದಳು.

"ಹರ್ಬು, ಮಂಗಳವಾರ ಬಂದದ್ದು ಎಂಥ? ನಿನ್ನ ಹೋಟೆಲಿನವರು ರಜೆ ಕೊಡ್ಲಿಕ್ಕೆ ಕಲ್ತರಾ?"

"ವಾರದ ರಜೆ ಬಾಯ್."

"ವಾರದ್ದು ಕೊಡ್ತಾರೆ. ತಾಯಿ ಸತ್ತದಕ್ಕೆ ಕೊಡುದಿಲ್ಲ. ಅವರ ಒಲೆಗೆ ನೀರು ಬೀಳ್ಲಿ."

ಈ ಶಾಪ ಅವನಿಗೆ ಹೊಸತಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಆ ಹೋಟೆಲಿನ ಹೆಸರೆತ್ತಿದಾಗಲೆಲ್ಲ ಇದು ಬರುತ್ತದೆ. ಅವನು ಎಂದಿನಂತೆ ಸುಮ್ಮನೆ ಕೂತು ಬಂಗುಡೆ ಮೀನಿನ ಸಾರಿಗೆ ಅವಳು ಸುಲಿಯುತ್ತಿದ್ದ ಬೆಳ್ಳುಳ್ಳಿಯಲ್ಲಿ ಅರ್ಧ ತನ್ನೆದುರು ಎಳೆದುಕೊಂಡ.

"ಬಾಯ್, ಮಾಂಯ್ ಹಿಟ್ಟಿಂದ ಚೂರು ತೆಗೆದು ಒಲೆಗೆ ಹಾಕ್ತಿದ್ದಳಲ್ಲ. ಅದು ಯಾರಿಗೆ?"

"ಆತ್ಮಗಳಿಗೆ," ಎಂದಳು ಮಗ್ದಲೀನ್, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. ಇನ್ನೊಂದು ಎಸಳು ಸುಲಿದು, "ಯಾರು ಕೇಳಿದ್ದು?"

"ನಾನೇ ಕೇಳುದು."

"ನೀನಲ್ಲ. ನಿನ್ನ ಹತ್ರ ಯಾರೋ ಕೇಳಿದ್ದಾರೆ. ಐವತ್ತು ವರ್ಷ ಬಾಯಿ ಮುಚ್ಚಿ ಹಿಟ್ಟು ಸುಟ್ಟವನು ಇವತ್ತು ಬಸ್ಸು ಹತ್ತಿ ಬಂದು ಕೇಳ್ತಿಯಾ?"

ಹರ್ಬರ್ಟ್ ಘೋಸಾಲ್ಕರ್ ವಿಷಯ ಹೇಳಿದ. ಡಬ್ಬಿ, ತಕ್ಕಡಿ, ಗೋವಾ, ಎಲ್ಲ. ಫೋನಿನಲ್ಲಿ ಪಾದ್ರಿಗಳು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದರು. ಅವಳು ಶಿಲುಬೆಯ ಗುರುತು ಮಾಡಿ ಫೋನು ಆರಿಸಿದಳು.

"ಯೆಹೂದಿ ಅಂತ ನನಗೆ ಗೊತ್ತಿರ್ಲಿಲ್ಲ," ಎಂದಳು. "ಆದರೆ ಆತ್ಮಗಳಿಗಲ್ಲ ಅಂತ ಗೊತ್ತಿತ್ತು."

"ಗೊತ್ತಿತ್ತಾ?"

"ನನಗೆ ಹದಿನಾಲ್ಕು ಆದಾಗ ಮಾಂಯ್ ಹೇಳಿದ್ದಳು. ಯಾರಾದ್ರೂ ಕೇಳಿದ್ರೆ ಆತ್ಮಗಳಿಗೆ ಅಂತ ಹೇಳು, ಆದರೆ ಆತ್ಮಗಳಿಗಲ್ಲ, ಅದು ನಮ್ಮ ಹಳೆಯವರದ್ದು, ಇಗರ್ಜಿಗಿಂತ ಹಳತು ಅಂತ. ಅಷ್ಟೇ. ಅವಳಿಗೂ ಅಷ್ಟೇ ಗೊತ್ತಿದ್ದದ್ದು. ಅವಳ ತಾಯಿ ಹೇಳಿದ್ದು ಅಷ್ಟೇ."

"ನನಗೆ ಯಾಕೆ ಹೇಳ್ಲಿಲ್ಲ?"

"ಗಂಡುಮಕ್ಕಳಿಗೆ ಹೇಳುದಲ್ಲ ಅದು. ಗಂಡುಮಕ್ಕಳು ಪಾಪ ಹೇಳ್ಲಿಕ್ಕೆ ಕುಮ್ಸಾರಿಗೆ ಹೋಗಿ ಪಾದ್ರಿಗಳ ಹತ್ರ ಎಲ್ಲ ಒದರ್ತಾರೆ. ಹೆಂಗಸರು ಬೇಕಾದ್ದನ್ನು ಮಾತ್ರ ಹೇಳುದು." ಅವಳು ಬೆಳ್ಳುಳ್ಳಿ ಸಿಪ್ಪೆಯನ್ನು ಒಟ್ಟುಮಾಡಿದಳು. "ಒಂದು ಸಲ ಎಂಥಾಯ್ತು ಗೊತ್ತುಂಟಾ? ನೀನು ಸಣ್ಣವ. ಫಾದರ್ ವಿಗಾರ್ ಬೇಕರಿಗೆ ಬಂದವರು ಮಾಂಯ್ ಚೂರು ಹಾಕುದನ್ನು ನೋಡಿದರು. ಆತ್ಮಗಳಿಗೆ ಪದ್ರಾಬ್ ಅಂದಳು. ಅವರಿಗೆ ಎಷ್ಟು ಕುಶಿ ಆಯ್ತು ಅಂದ್ರೆ, ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ಶೆರ್ಮಾಂವ್ ಮಾಡುವಾಗ, ಇಡೀ ಇಗರ್ಜಿಯೆದುರು, ಸೆಲೆಸ್ತಿನ್ ಬಾಯಿಯನ್ನು ನೋಡಿ ಕಲಿಯಿರಿ, ಎಲ್ಲ ಹೆಂಗಸರೂ ಹೀಗೆ ಮಾಡಿ ಅಂತ ಹೇಳಿದರು. ಆ ತಿಂಗಳು ಇಡೀ ಕಲ್ಯಾಣಪುರದ ಕ್ರಿಸ್ತಾಂವ್ ಹೆಂಗಸರು ಒಲೆಗೆ ಹಿಟ್ಟು ಹಾಕಿದ್ದೇ ಹಾಕಿದ್ದು. ಅಕ್ಕಿ ಹಿಟ್ಟು ಹಾಕಿದವರೂ ಇದ್ದರು. ಮಾಂಯ್ ಮನೆಗೆ ಬಂದು ಬಾಗಿಲು ಹಾಕಿ, ಸೆರಗು ಬಾಯಿಗೆ ತುರುಕಿ ನಕ್ಕಳು ನೋಡು. ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡ್ಲಿಲ್ಲ."

ಹರ್ಬರ್ಟನಿಗೂ ನಗು ಬಂತು. ಒಲೆಯ ಮುಂದೆ ಬಿಟ್ಟರೆ ಬೇರೆಲ್ಲೂ ಅಮ್ಮನನ್ನು ನೆನಪಿಸಿಕೊಳ್ಳಲು ಬಾರದ ಅವನಿಗೆ, ಬಾಗಿಲು ಹಾಕಿಕೊಂಡು ನಗುತ್ತಿದ್ದ ಆ ಹೆಂಗಸು ಹೊಸಬಳ ಹಾಗೆ ಕಂಡಳು. ಹಾಗೆ ಕಂಡದ್ದು ಅವನಿಗೆ ಹಿತವಾಗಿತ್ತು.

"ನೀನು ಯಾಕೆ ಮಾಡ್ಲಿಲ್ಲ ಬಾಯ್?"

"ನಾನು ಯಾವಾಗ ಬ್ರೆಡ್ಡು ಮಾಡಿದ್ದು? ಮದುವೆಯಾದ ಮನೆಯಲ್ಲಿ ಅಂಗಡಿಯ ಬ್ರೆಡ್ಡು. ಹೇಳಿದ್ದು ನನಗೆ, ಮಾಡಿದ್ದು ನೀನು. ಹಾಗಾಯ್ತು."

ಅವಳು ಎದ್ದು ಸಾರಿಗೆ ಹುಳಿ ಹಿಂಡಿದಳು. ಸೌಟು ಆಡಿಸುತ್ತಾ ಥಟ್ಟನೆ ತಿರುಗಿ, "ಅಂದ್ರೆ ನಾವು ಬಾಮಣ್ ಅಲ್ವಾ?" ಎಂದಳು.

ಗೋವಾದಲ್ಲಿ ಮತಾಂತರವಾಗುವ ಮೊದಲು ತಾವು ಬ್ರಾಹ್ಮಣರಾಗಿದ್ದೆವು ಎಂಬುದು ಅವರ ಮನೆಯ ದೊಡ್ಡ ಹೆಮ್ಮೆ. ಮದುವೆ ಮಾತುಕತೆಯಲ್ಲಿ ಮೊದಲು ಹೊರಬರುವ ಮಾತೂ ಅದೇ.

"ಅಪ್ಪನ ಕಡೆ ಇರ್ಬಹುದು," ಎಂದ ಹರ್ಬರ್ಟ್.

"ಶಂಕರಪುರದ ಆ ಹುಡುಗ ಬಾಮಣ್ ಅಲ್ಲ ಅಂತ ನಾನು ಜಾನಿಸಳಿಗೆ ಬೇಡ ಅಂದಿದ್ದೆ. ಒಳ್ಳೆ ಹುಡುಗ. ಸುಮ್ನೆ ಬಿಟ್ಟ ಹಾಗಾಯ್ತು."

"ಅವನಿಗೆ ಮದುವೆ ಆಯ್ತಾ?"

"ಇಲ್ಲ. ಶಾರ್ಜಾದಲ್ಲಿ ಇದ್ದಾನೆ ಅಂತ ಕೇಳಿದೆ." ಅವಳು ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ನೋಡುವ. ಈಗ ನನಗೆ ಅಷ್ಟು ಜಂಬ ಮಾಡ್ಲಿಕ್ಕೆ ಆಗುದಿಲ್ಲ ಅಲ್ವಾ."

ಊಟಕ್ಕೆ ಕೂತರು. ಮಗ್ದಲೀನ್ ತಿನ್ನದೆ ಅನ್ನದಲ್ಲಿ ಬೆರಳಾಡಿಸುತ್ತಾ ಯೋಚಿಸುತ್ತಿದ್ದಳು. "ಹರ್ಬು, ನಮ್ಮ ಸಾಯ್ಬಿಣ್ ಮಾಯಿಯೂ ಅವರವಳೇ ಅಲ್ವಾ?" ಎಂದಳು. ಅವಳು ಹೇಳಿದ್ದು ಮೇರಿ ಮಾತೆಯ ವಿಷಯ. "ನಜ್ರೆತಿನಲ್ಲಿ ಅವಳೂ ಹಿಟ್ಟು ಕಲಸಿರ್ಬೇಕು. ಅವಳೂ ಚೂರು ತೆಗೆದಿರ್ಬೇಕು. ಬಾಲಯೇಸು ಪಕ್ಕದಲ್ಲಿ ನಿಂತು, ಯಾಕೆ ಅಂತ ಕೇಳಿರ್ಬೇಕು." ಇದನ್ನು ಹೇಳಿಕೊಂಡ ಮೇಲೆ ಅವಳಿಗೆ ಸಮಾಧಾನವಾದಂತೆ ಕಂಡಿತು, ಮೀನಿನ ಮುಳ್ಳು ಬಿಡಿಸಿ ತಿನ್ನತೊಡಗಿದಳು.

ಹರ್ಬರ್ಟ್ ಕೈಯಲ್ಲಿದ್ದ ತುತ್ತನ್ನು ಮರಳಿ ತಟ್ಟೆಗಿಟ್ಟ. ಅವನು ಬಂದದ್ದು ಇದಕ್ಕಲ್ಲ. "ಅಂದ್ರೆ ಅದು ಸತ್ತವರಿಗೆ ಮುಟ್ಟುದಿಲ್ಲ," ಎಂದ.

"ಇಲ್ಲ. ಸತ್ತವರಿಗೆ ಇಗರ್ಜಿಯ ಪೂಜೆ ಉಂಟಲ್ಲ."

"ನಾನು ಇಷ್ಟು ವರ್ಷ ಮಾಂಯ್‌ಗೆ ಅಂತ ಇಡ್ತಿದ್ದೆ ಬಾಯ್. ಅವಳು ಹೋದ ಮೇಲೆ. ಒಂದು ದಿನ ಬಿಡ್ಲಿಲ್ಲ. ಬೇರೆ ಎಂಥದ್ದೂ ಕೊಡ್ಲಿಕ್ಕೆ ಆಗ್ಲಿಲ್ಲ ಅಂತ."

ಮಗ್ದಲೀನ್ ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಬಿದ್ದು ಬಂದಾಗ ಎಲ್ಲಿ ಪೆಟ್ಟಾಗಿದೆ ಎಂದು ಹುಡುಕುತ್ತಿದ್ದ ಹಾಗೆ ನೋಡಿದಳು. ಆಮೇಲೆ ತಟ್ಟೆಯನ್ನು ಸರಿಸಿದಳು.

"ನಿನಗೊಂದು ಹೇಳ್ತೇನೆ. ಮೊದಲೇ ಹೇಳ್ಬೇಕಿತ್ತು. ನನಗೆ ಸಿಟ್ಟಿತ್ತು, ಹಾಗೆ ಹೇಳ್ಲಿಲ್ಲ. ಕೊನೆಯ ವಾರ ಮಾಂಯ್ ಹಾಸಿಗೆಯಲ್ಲೇ ಇದ್ದದ್ದು. ಒಂದು ಮಧ್ಯಾಹ್ನ ಕೇಳಿದಳು, ಹರ್ಬು ಅಲ್ಲಿ ಈಗಲೂ ಚೂರು ತೆಗೀತಾನಾ ಅಂತ. ತೆಗೀತಾನಂತೆ, ಟೆಸ್ಟ್ ಪೀಸ್ ಅಂತ ಯಾರಿಗೋ ಸುಳ್ಳು ಹೇಳಿದ್ದನ್ನು ಕಾಗದದಲ್ಲಿ ಬರ್ದಿದ್ದಾನೆ ಅಂದೆ. ಅವಳಿಗೆ ಎಷ್ಟು ಕುಶಿ ಅಂತಿ. ನನ್ನ ಮಗ ಚಂದ ಸುಳ್ಳು ಹೇಳ್ತಾನೆ ಅಂದಳು. ಆಮೇಲೆ, ನಾನು ಹೋದ್ರೆ ಅವನನ್ನು ಕರೀಬೇಡ, ಅವನು ಒಲೆಯ ಹತ್ರ ಇರ್ಲಿ ಅಂದಳು."

"ಹಾಗೆ ಹೇಳಿದಳಾ?"

"ಹೇಳಿದಳು. ನಾನು ಕೇಳ್ಲಿಲ್ಲ. ತಾಯಿ ಸತ್ತರೆ ಮಗನಿಗೆ ತಿಳಿಸದೆ ಇರುದು ಹೇಗೆ? ಫೋನು ಮಾಡಿದೆ. ಅವಳಿಗೆ ಮುಟ್ಟಬೇಕಾದ್ದು ಬದುಕಿದ್ದಾಗಲೇ ಮುಟ್ಟಿಯಾಗಿತ್ತು ಮಾರಾಯ. ಸತ್ತ ಮೇಲೆ ನೀನು ಇಟ್ಟದ್ದು ಯಾರಿಗಾದ್ರೂ ಹೋಗಿರ್ಲಿ. ದೇವರಿಗೆ ಹೋದ್ರೆ ನಿನಗೆ ನಷ್ಟ ಉಂಟಾ?"

ಟೆಸ್ಟ್ ಪೀಸಿನ ವಿಷಯ ಬರೆದದ್ದು ಹರ್ಬರ್ಟನಿಗೆ ಮರೆತೇಹೋಗಿತ್ತು. ಬೇರೇನೂ ತೋಚದೆ ಕಾಗದದ ಕೊನೆಯಲ್ಲಿ ಜಾಗ ತುಂಬಿಸಲು ಬರೆದಿರಬೇಕು. ಹಾಸಿಗೆಯಲ್ಲಿದ್ದವಳು ಅದನ್ನು ಕೇಳಿ, ತನ್ನ ತಾಯಿಯ ಬೇಕರಿಯಿಂದ ಕಡಲಾಚೆಗೆ ಹೋದ ಆ ಚೂರನ್ನು ಕಣ್ಣೆದುರು ತಂದುಕೊಂಡಿರಬೇಕು. ಅವನಿಗೆ ಹಸಿವಾಯಿತು. ಇನ್ನೊಂದು ಬಂಗುಡೆ ಹಾಕಿಸಿಕೊಂಡ.

"ತಿನ್ನು, ತಿನ್ನು," ಎಂದಳು ಮಗ್ದಲೀನ್. "ನಿನ್ನ ಹೋಟೆಲಿನಲ್ಲಿ ಇದೆಲ್ಲ ಎಲ್ಲಿ ಸಿಗ್ತದೆ? ಒಂದು ವಾರ ರಜೆ ಕೊಡ್ಲಿಕ್ಕೆ ಆಗ್ಲಿಲ್ಲ ಆ ಮುಂಡೆಗಂಡರಿಗೆ."

ಅವನು ಬಾಯಿ ತೆರೆದ. ಈಗ ಹೇಳಬಹುದಿತ್ತು. ಅಮ್ಮನೇ ಬೇಡವೆಂದಿದ್ದಳಲ್ಲ, ಹೇಳಿದರೆ ಇನ್ನು ಅಂಥ ದೊಡ್ಡ ತಪ್ಪೂ ಆಗುತ್ತಿರಲಿಲ್ಲ. ಆದರೆ ಅಕ್ಕ ಅಷ್ಟೊತ್ತಿಗೆ ಅವನ ತಟ್ಟೆಗೆ ಸಾರು ಬಡಿಸುತ್ತಾ, ತನ್ನ ಹಳೆಯ ಸಿಟ್ಟಿನಲ್ಲಿ ಎಷ್ಟು ಆರಾಮವಾಗಿದ್ದಳೆಂದರೆ, ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಗುರುವಾರ ಅಕ್ಕ ಹೇಳಿದ್ದನ್ನೆಲ್ಲ ಘೋಸಾಲ್ಕರ್‌ಗೆ ಹೇಳಿದ. ಪಾದ್ರಿಗಳ ಪ್ರಸಂಗದ ಕಥೆ ಕೇಳಿ ಅವರು ನಕ್ಕು ನಕ್ಕು ಟೋಪಿ ಜಾರಿಸಿಕೊಂಡರು. ಆಮೇಲೆ ಗಂಭೀರರಾಗಿ, "ಕಾಗದ ಇಲ್ಲದ್ದನ್ನು ನಾನು ಹೌದು ಎನ್ನುವಂತಿಲ್ಲ," ಎಂದರು. "ಅಲ್ಲ ಎನ್ನುವುದಕ್ಕೂ ನನಗೆ ಬಾಯಿ ಬರುವುದಿಲ್ಲ." ನಾಳೆ ಸಂಜೆ ಊಟಕ್ಕೆ ಬನ್ನಿ ಎಂದು ಕರೆದರು. ಶುಕ್ರವಾರ ಸಂಜೆ ಇಗರ್ಜಿಯಲ್ಲಿ ಹಾಡಲಿಕ್ಕಿದೆ, ಶನಿವಾರ ಬರುತ್ತೇನೆ ಎಂದ ಹರ್ಬರ್ಟ್. ಹಿಟ್ಟು ನಾದಿ ಮುಗಿದಾಗ ಇಬ್ಬರೂ ಒಂದೊಂದು ಚೂರು ತೆಗೆದರು. ಈ ಸಲ ಹರ್ಬರ್ಟ್ ಮನಸ್ಸಿನಲ್ಲಿ ಯಾವ ಹೆಸರನ್ನೂ ಹೇಳಲಿಲ್ಲ. ಸುಮ್ಮನೆ ಇಟ್ಟ, ಅಮ್ಮ ಇಡುತ್ತಿದ್ದ ಹಾಗೆ.

ಕ್ರಿಸ್ಮಸ್ಸಿಗೆ ಮಗ್ದಲೀನ್ ಮತ್ತು ಜಾನಿಸ್ ಡಿಸ್ಕವರಿ ಗಾರ್ಡನ್ಸಿಗೆ ಬಂದರು. ಕುಸ್ವಾರಿನ ಹಬ್ಬದ ತಿಂಡಿಗಳಿಗೆ ಎರಡು ಕಿಲೋ ಮೈದಾ ಕಲಸಿದ್ದು ಜಾನಿಸ್. ಅವಳಿಗೆ ಆ ಮೊದಲೇ ತಾಯಿ ಎಲ್ಲ ಹೇಳಿದ್ದಳು.

"ಸೋ ಅಂಕಲ್, ಐ ಜಸ್ಟ್ ಪಿಂಚ್ ಇಟ್?" ಎಂದಳು.

"ಮಾತಾಡ್ಬಾರ್ದು," ಎಂದ ಹರ್ಬರ್ಟ್, ಎಡಗೈ ಎತ್ತಿ.

ಅವಳು ಚೂರು ಕಿತ್ತು ಗ್ಯಾಸಿನ ಉರಿಗೆ ಹಿಡಿದಳು. ಮೂವರೂ ಅದು ಕಪ್ಪಾಗುವುದನ್ನು ನೋಡುತ್ತಾ ನಿಂತರು. ಮನೆಯೆಲ್ಲ ಸುಟ್ಟ ವಾಸನೆ. ಮಗ್ದಲೀನಳಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಕಿಟಕಿ ತೆರೆದು, ಇಂಥ ದಿನವೇ ಅಲ್ಲವೇ ಮಾಂಯ್ ಹೋದದ್ದು, ಇಂಥ ದಿನವೇ ಅಲ್ಲವೇ ಆ ಹಾಳು ಹೋಟೆಲಿನವರು ರಜೆ ಇಲ್ಲ ಅಂದದ್ದು ಎಂದು ಶುರುಮಾಡಿದಳು. ಜಾನಿಸ್ ನಕ್ಕಳು. ಹರ್ಬರ್ಟನೂ ನಕ್ಕ.

ತಾನು ರಜೆ ಕೇಳಿಯೇ ಇರಲಿಲ್ಲ ಎಂದು ಅವನು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.